ಮೋರಿಯ ಹತ್ತಿರ ನಿಲ್ಲುವ ಗಾಡಿ

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ. ಕಣದ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಹೆಂಗಸರು ಆಗಲೇ ಟಾರ್ಪಾಲು ಸರಿಸಿ, ಸಂಜೆ ಗುಡ್ಡೆ ಮಾಡಿಟ್ಟಿದ್ದ ಕಾಫಿಯನ್ನು ಕಾಲಿನಿಂದ ಕೆದಕುತ್ತ ಸಾಲುಸಾಲಾಗಿ ಹರಡುತ್ತಿದ್ದರು. ದೇವೀರಪ್ಪ ಕಣದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಎತ್ತಿ, ಮುಷ್ಟಿ ಕಟ್ಟಿ, ಕಿವಿಯ ಬಳಿ ಕುಲುಕಿದ. ಒಣಗಿದ ಕಾಯಿಯಲ್ಲಿ ಬೀಜ ಸಿಪ್ಪೆ ಬಿಟ್ಟುಕೊಂಡು ಗಿಲಿಗಿಲಿ ಎನ್ನುತ್ತದೆ; ಹಸಿ ಉಳಿದದ್ದು ಗಪ್ಪಗಿರುತ್ತದೆ. ಮೊದಲೆಲ್ಲ ಮೆಣಸು, ಏಲಕ್ಕಿ ಕೊಳ್ಳುತ್ತಿದ್ದವನು, ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರಬಹುದೆಂದು ಆದ ಮೇಲೆ, ಈ ಮೂರ್ನಾಲ್ಕು ವರ್ಷದಿಂದ ಕಾಫಿಗೂ ಕೈಹಾಕಿದ್ದ. ವನಗೂರಿನವರೆಗೂ ಹೋಗಿ ಎರಡೆಕರೆ ಮೂರೆಕರೆಯವರ ಮಾಲನ್ನು ಹೀಗೆ ಕಿವಿಯಿಂದಲೇ ಕೊಂಡು, ಕೆ. ಹೊಸಕೋಟೆಯ ತನ್ನ ಕಣದಲ್ಲಿ ಇನ್ನೆರಡು ಬಿಸಿಲು ಕಾಯಿಸಿ ಹಾಸನಕ್ಕೆ ಕಳಿಸುತ್ತಿದ್ದ. ಮಾರುವವನ ಮಾತು ಕೇಳಬಾರದು, ಕಾಯಿಯ ಮಾತು ಕೇಳಬೇಕು ಎಂಬುದು ಅವನು ಕಲಿತಿದ್ದ ವಿದ್ಯೆ. ಇವತ್ತು ಮಾತ್ರ ಕಾಯಿಯ ಸದ್ದು ಕಿವಿಗೆ ಹತ್ತಲಿಲ್ಲ. ಶೆಡ್ಡಿನಲ್ಲಿ ಡ್ರೈವರ್ ಗುಂಡಯ್ಯ ಪಿಕಪ್ಪಿನ ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಕೀಲಿ ತಿರುಗಿತು. ಒಂದೇ ಸಲಕ್ಕೆ ಎಂಜಿನ್ನು ಎದ್ದು ಕೂತಿತು. ಈ ಮಂಜಿನಲ್ಲಿ, ರಾತ್ರಿಯೆಲ್ಲ ತಣ್ಣಗೆ ಕೊರೆದ ಕಬ್ಬಿಣ, ಒಂದೇ ಸಲಕ್ಕೆ ಏಳುತ್ತದೆ. ಅದು ಏಳದೇ ಹೋಗಿದ್ದರೆ ದೇವೀರಪ್ಪನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ದಸರಾ ಆದಾಗಿನಿಂದ ಏಳು ಸಲ ನಿಂತಿತ್ತು ಗಾಡಿ. ಏಳು ಸಲವೂ ವನಗೂರಿನಿಂದ ಮಾಲು ತುಂಬಿಕೊಂಡು ಬರುವಾಗಲೇ; ಏಳರಲ್ಲಿ ಐದು ಸಲ ನೀರು ರಸ್ತೆಯಡಿ ಹರಿಯುವ ಒಂದೇ ಮೋರಿಯ ಹತ್ತಿರ, ಇಳಿಜಾರು ಮುಗಿದು ರಸ್ತೆ ಹಳ್ಳದಂತೆ ತಗ್ಗಿ ಮತ್ತೆ ಏರುವ ಕಡೆ. ಎಂಜಿನ್ನು, ದೀಪ, ಹಾರನ್ನು, ಎಲ್ಲವೂ ಒಟ್ಟಿಗೆ ಸತ್ತುಹೋಗುತ್ತಿತ್ತಂತೆ. ಗಂಟೆಯೋ ಎರಡು ಗಂಟೆಯೋ ಕಾದು, ದಾರಿಯಲ್ಲಿ ಬರುವ ಜೀಪಿನವರನ್ನೋ ಬಸ್ಸಿನವರನ್ನೋ ಹಿಡಿದು ತಳ್ಳಿಸಿ ತಗ್ಗಿನಿಂದ ಮೇಲೆ ತಂದ ಮೇಲೆ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಜೀವ ಬರುತ್ತಿತ್ತಂತೆ. ಅಂತೆ. ಕಣ್ಣಿಂದ ಕಂಡದ್ದು ಒಂದೂ ಇಲ್ಲ. ದೇವೀರಪ್ಪ ಜೊತೆಗೆ ಹೋದದ್ದು ಎರಡು ಸಲ, ಎರಡೂ ಸಲ ಗಾಡಿ ಮದುವಣಗಿತ್ತಿಯ ಹಾಗೆ ತಲೆತಗ್ಗಿಸಿ ನಡೆದಿತ್ತು. ಒಂದು ಸಲ ಹೋಗುವಾಗ ಮಾತ್ರ ಕೂತಿದ್ದ, ಇನ್ನೊಂದು ಸಲ ಬರುವಾಗ ಅರ್ಧ ಲೋಡೂ ಇರಲಿಲ್ಲ ಎಂಬುದು ಅವನಿಗೆ ಲೆಕ್ಕಕ್ಕೆ ಬರಲಿಲ್ಲ. ಆಲೂರಿನ ಬಸ್ ಸ್ಟ್ಯಾಂಡಿನ ಹಿಂದೆ ವೈರಿಂಗ್ ಅಂಗಡಿ ಇಟ್ಟಿರುವ ದಯಾನಂದನ ಹತ್ತಿರ ನಾಲ್ಕು ಸಲ ಗಾಡಿ ಹೋಗಿ ಬಂದಿತ್ತು. ಅವನು ಫ್ಯೂಸ್ ಬಾಕ್ಸು ಬದಲಾಯಿಸಿದ, ಕೀಲಿಯ ಸ್ವಿಚ್ಚು ಬದಲಾಯಿಸಿದ, ಎಂಜಿನ್ನಿನ ಬಳಿಯ ವೈರುಗಳ ತುದಿಗಳನ್ನು ಉಜ್ಜಿ ಗ್ರೀಸು ಬಳಿದ. ಅವನ ಮುಂದೆ ಒಮ್ಮೆಯೂ ನಿಲ್ಲಲಿಲ್ಲ. ಪ್ರತಿ ಸಲವೂ ಆಲೂರಿಗೆ ಕಳಿಸುವ ಮುಂಚೆ ದೇವೀರಪ್ಪ ಮೂಟೆಗಳನ್ನು ಒಂದೂ ಬಿಡದೆ ಮನೆಯಲ್ಲಿ ಇಳಿಸಿಕೊಳ್ಳುತ್ತಿದ್ದ. ವರ್ಕ್‌ಶಾಪಿನ ಮುಂದೆ ಮಾಲು ತುಂಬಿದ ಗಾಡಿ ನಿಲ್ಲಿಸುವುದೆಂದರೆ ಬೆಕ್ಕಿನ ಕೈಗೆ ಹಾಲಿನ ತಪ್ಪಲೆ ಕೊಟ್ಟಂತೆ. ಆಲೂರಿನಲ್ಲಿ ಯಾರದೋ ಜೀಪಿನ ಬ್ಯಾಟರಿಯನ್ನೇ ಹಗಲು ಹೊತ್ತಿನಲ್ಲಿ ಬಿಚ್ಚಿಕೊಂಡು ಹೋದರೆಂದು ಕೇಳಿದ ವಾರವೇ ಅವನು ಊರ ಕುಲುಮೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿ, ಗಾಡಿಯ ಹಿಂದೆ ಮೂಟೆ ತುಂಬುವ ತೊಟ್ಟಿಯ ಕೆಳಗೆ ಬ್ಯಾಟರಿಯ ಸುತ್ತ ಕೂರಿಸಿ, ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಅದು ಗೌರಿ ಹಬ್ಬದ ಸುಮಾರಿಗೆ.

ಹನ್ನೊಂದು ವರ್ಷದಿಂದ ಇದ್ದ ಗುಂಡಯ್ಯನ ಮೇಲೆ ಮೊದಲ ಅನುಮಾನ ಬಂದದ್ದು ಯಾವಾಗ ಎಂದು ನೆನೆಸಿಕೊಂಡರೆ ಅದು ದೇವೀರಪ್ಪನಿಗೆ ಸಿಕ್ಕುತ್ತಿರಲಿಲ್ಲ. ಬಹುಶಃ ಎರಡನೆಯ ಸಲ ಗಾಡಿ ನಿಂತ ದಿನ, ಗುಂಡಯ್ಯ ಬಂದು ಹೇಳುವಾಗ ಕಣ್ಣು ನೆಲದ ಮೇಲಿತ್ತು. ಅಥವಾ ಅದಕ್ಕಿಂತ ಮುಂಚೆ, ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದ ದಿನ. ಮೋರಿಯ ಹತ್ತಿರವೇ ಚೆಲುವಮ್ಮನ ಹೋಟ್ಲು ಇದೆ, ಹೋಟ್ಲಿನ ಹಿಂದೆ ಕಾಲುದಾರಿ ಇದೆ, ಕಾಲುದಾರಿ ಎಲ್ಲಿಗೆ ಹೋಗುತ್ತದೆ? ಎರಡು ಗಂಟೆ ಬೇಕೇ, ಮೂಟೆಗೆ ಒಂದು ಬೊಗಸೆಯಂತೆ ತೆಗೆಯುವುದಕ್ಕೆ? ಮೂಟೆಯ ಬಾಯನ್ನು ಕೆಂಪು ದಾರದಲ್ಲಿ ತಾನೇ ಹೊಲಿದು, ಹೊಲಿಗೆಗಳನ್ನು ಎಣಿಸಿಟ್ಟುಕೊಂಡ. ಎಣಿಕೆ ಸರಿಯಾಗಿ ಬಂತು. ಹನ್ನೊಂದು ವರ್ಷ ಇವನ ಕೈಹೊಲಿಗೆ ನೋಡಿದವನಿಗೆ ಹಾಗೆಯೇ ಹೊಲಿಯುವುದು ಬರುವುದಿಲ್ಲವೇ ಎಂದು ಅವತ್ತು ರಾತ್ರಿ ಅನ್ನಿಸಿತು. ಅನುಮಾನಕ್ಕೆ ಸಾಕ್ಷಿ ಸಿಗದಿದ್ದರೆ ಅದು ಕರಗಬೇಕು. ಇವನಲ್ಲಿ ಅದು ಸಾಕ್ಷಿ ಇಲ್ಲದ್ದನ್ನೇ ತಿಂದು ಕೊಬ್ಬಿತು. ಹಾಗೆ ಕೊಬ್ಬಿದ್ದನ್ನು ಒಳಗೆ ಹಿಡಿದಿಟ್ಟುಕೊಳ್ಳಲಾರದೆ, ಹನ್ನೆರಡು ದಿನದ ಹಿಂದೆ, ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದಾಗಲೇ, ಬೇಕೆಂದೇ ನಾಲ್ಕು ಜನ ಇದ್ದಾಗಲೇ, ಗುಂಡಯ್ಯನನ್ನು ಕರೆದು, ಆಣೆ ಇಡು ಅಂದುಬಿಟ್ಟಿದ್ದ.

ಗುಂಡಯ್ಯ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ತಲೆಯ ಮೇಲಿನ ಟವಲು ತೆಗೆದು ಮಡಿಸಿ ಹೆಗಲಿಗೆ ಹಾಕಿಕೊಂಡ. "ಯಜಮಾನ್ರೇ, ನಿಜವಾದ್ರೂ ಆಣೆ ಇಡಬಾರ್ದು ಅಂತಾರೆ. ಹೆಣ್ಮಕ್ಳಿರೋ ಮನೆ," ಅಂದ. ಅಷ್ಟೇ ಅಂದದ್ದು. ಆಮೇಲೆ ಒಳಗೆ ಹೋಗಿ, ದೀಪದ ಮುಂದಿನ ವಿಭೂತಿ ಮುಟ್ಟಿ, ಗಾಡಿಯಿಂದ ಒಂದು ಕಾಯಿಯನ್ನೂ ನಾನು ತೆಗೆದಿಲ್ಲ, ಗಾಡಿಯನ್ನು ನಾನು ನಿಲ್ಲಿಸಿಲ್ಲ, ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ ಬಂದ. ಕಟ್ಟೆಯ ಮೇಲಿದ್ದವರು ರಸ್ತೆಯ ಕಡೆ ನೋಡಿದರು. ದೇವೀರಪ್ಪನಿಗೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮನೆಗೆ ಬರುತ್ತ, 'ನಾನು ತೆಗೆದಿಲ್ಲ' ಎಂದನಲ್ಲ, 'ಬೇರೆಯವರು ತೆಗೆದಿಲ್ಲ' ಎನ್ನಲಿಲ್ಲವಲ್ಲ ಎಂದು ಹೊಳೆದು, ಕಾಲು ತಾನಾಗಿ ನಿಧಾನವಾಗಿತ್ತು.

"ರೊಟ್ಟಿ ಆರ್ತಾ ಐತೆ, ಎದ್ದು ಬರ್ತೀರೋ ಹೆಂಗೆ?" ಪಾರ್ವತಮ್ಮ ಹಿತ್ತಲ ಬಾಗಿಲಿನಿಂದ ಕೂಗಿದಳು. ಅವನು ಕೈಯಲ್ಲಿದ್ದ ಕಾಯಿಗಳನ್ನು ಗುಡ್ಡೆಗೆ ಉದುರಿಸಿ ಎದ್ದ. ತಟ್ಟೆಗೆ ಅಕ್ಕಿರೊಟ್ಟಿ ಹಾಕುತ್ತ ಅವಳು ಕೇಳಿದಳು:

"ಆ ವೈರಿಂಗ್‌ನೋರು ಬರ್ತಾರಂತಲ್ಲ ಇವತ್ತು? ನೀವೂ ಹೋಗ್ತೀರಾ?"

"ಹೋಗ್ದೆ? ಅವ್ನೂ ಇವ್ನೂ ಇಬ್ರೇ ಹೋಗಿ ಒಂದು ಕತೆ ಕಟ್ಕಂಡು ಬರ್ಲಿ ಅಂತಲಾ?"

"ಆಣೆ ಇಡಿಸಿದ್ರಿ. ಅದೂ ಆಯ್ತು. ಆಣೆನೂ ನಂಬಲ್ಲ ಅಂದ್ರೆ ಇಡಿಸಿದ್ದಾದ್ರೂ ಯಾಕೆ?" ಅವಳು ಬೆಣ್ಣೆಯ ಬಟ್ಟಲನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. "ನನ್ನ ಸೆರಗಿನ ಗಂಟನ್ನೂ ಒಂದಿನ ಬಿಚ್ಚಿ ನೋಡಿದೋರು ನೀವು. ಎರಡು ಲವಂಗ ಇತ್ತು."

ಅದು ಮದುವೆಯಾದ ವರ್ಷದ ಮಾತು. ಇಪ್ಪತ್ತೆಂಟು ವರ್ಷ ಅವಳು ಅದನ್ನು ಎಲ್ಲಿಟ್ಟಿದ್ದಳೋ. ಅವನು ರೊಟ್ಟಿಯನ್ನು ಮುರಿದು ಬೆಣ್ಣೆ ಸವರಿದ.

ಎಂಟೂವರೆಯ ಬಸ್ಸಿನಲ್ಲಿ ದಯಾನಂದ ಇಳಿದ. ಮೂವತ್ತೈದರ ತೆಳ್ಳಗಿನ ಮನುಷ್ಯ, ಕೈಯಲ್ಲಿ ಒಂದು ರೆಕ್ಸಿನ್ ಚೀಲ. ಹಿಂದಿನ ಸಲವೇ ಅವನು ಹೇಳಿ ಕಳಿಸಿದ್ದ: ಜ್ವರ ಬಿಟ್ಟ ಮೇಲೆ ರೋಗೀನ ಕರ್ಕಂಡು ಬಂದ್ರೆ ಡಾಕ್ಟ್ರು ಏನು ಮಾಡ್ತಾನೆ, ಜ್ವರ ಬರೋ ಹೊತ್ತಿಗೆ ನಾನೇ ಪಕ್ಕದಲ್ಲಿ ಇರ್ತೀನಿ, ಲೋಡ್ ಎತ್ಕಂಡು ಬರೋ ದಿನ ಹೇಳಿ. ಅವನು ಚೀಲದಿಂದ ಒಂದು ಪುಟ್ಟ ಬಲ್ಬು ತೆಗೆದ. ಅದಕ್ಕೆ ಎರಡು ಉದ್ದನೆಯ ವೈರು. ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಕೀಲಿಯ ಸ್ವಿಚ್ಚಿಗೆ ಬ್ಯಾಟರಿಯ ಕಡೆಯಿಂದ ಕರೆಂಟು ಬಂದು ಸೇರುವ ಜಾಗಕ್ಕೆ ಒಂದು ವೈರು ಸಿಕ್ಕಿಸಿ, ಇನ್ನೊಂದನ್ನು ಬಾಡಿಯ ಕಬ್ಬಿಣಕ್ಕೆ ಕಚ್ಚಿಸಿದ. ಬಲ್ಬು ಹಳದಿಯಾಗಿ ಹೊತ್ತಿಕೊಂಡಿತು.

"ನೋಡಿ ದೇವೀರಪ್ಪೋರೇ, ಇಷ್ಟೇ ಪರೀಕ್ಷೆ. ಗಾಡಿ ನಿಂತಾಗ ಈ ಬಲ್ಬೂ ಆರಿದ್ರೆ ತಪ್ಪು ಹಿಂದ್ಗಡೆ, ಬ್ಯಾಟರಿಯಿಂದ ಇಲ್ಲಿಗೆ ಬರೋ ದಾರೀಲಿ. ಬಲ್ಬು ಉರೀತಾನೇ ಇದ್ದು ಗಾಡಿ ನಿಂತ್ರೆ ತಪ್ಪು ಇಲ್ಲಿ, ಸ್ವಿಚ್ಚಿನಿಂದ ಮುಂದೆ."

"ಸ್ವಿಚ್ಚಿನಿಂದ ಮುಂದೆ ಅಂದ್ರೆ?"

"ಅಂದ್ರೆ ಕ್ಯಾಬಿನ್ ಒಳಗೆ."

ಅಂದರೆ ಗುಂಡಯ್ಯನ ಕೈಯಲ್ಲಿ, ಎಂದುಕೊಂಡ ದೇವೀರಪ್ಪ. ಅಂಗೈಯಷ್ಟಗಲದ ಬೆಳಕು ಅವನಿಗೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿಸಿತು. ಗುಂಡಯ್ಯ ಬಾಗಿಲ ಹತ್ತಿರ ನಿಂತು, ಗಾಜು ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದ. ಮೂವರೊಳಗೆ ಅವನೊಬ್ಬ ಆ ಬಲ್ಬಿನ ಕಡೆ ನೋಡಲಿಲ್ಲ.

ಖಾಲಿ ಗಾಡಿ ಗುಡ್ಡ ಹತ್ತಿತು. ದೇವೀರಪ್ಪ ನಡುವೆ, ಗೇರಿನ ದಂಡಕ್ಕೆ ಮೊಣಕಾಲು ತಾಕದಂತೆ ಓರೆಯಾಗಿ ಕೂತಿದ್ದ. ಎಡಕ್ಕೆ ದಯಾನಂದ, ತೊಡೆಯ ಮೇಲೆ ಬಲ್ಬು. ಗುಂಡಯ್ಯನ ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು. ಇವತ್ತಿನ ದಿನಕ್ಕೆಂದು ಮಿಂದು ಬಂದಿದ್ದಾನೆ. ಯಾಕೆ ಮೀಯಬೇಕು? ತಿರುವುಗಳಲ್ಲಿ ಗುಂಡಯ್ಯನ ತೋಳು ಇವನ ತೋಳಿಗೆ ಒತ್ತಿದಾಗ, ಹನ್ನೊಂದು ವರ್ಷದಲ್ಲಿ ಇಷ್ಟು ಹತ್ತಿರ ಕೂತು ಎಷ್ಟು ಸಾವಿರ ಮೈಲಿ ಹೋಗಿರಬಹುದೆಂದು ನೆನಪಾಯಿತು. ಪಾರ್ವತಮ್ಮನ ಗರ್ಭ ಇಳಿದ ದಿನ, ಹಳೆಯ ಜೀಪಿನಲ್ಲಿ, ಹಾಸನದ ಆಸ್ಪತ್ರೆಗೆ ಗುಂಡಯ್ಯ ಹಾರನ್ನಿನ ಮೇಲೆ ಕೈ ಇಟ್ಟವನು ತೆಗೆದಿರಲಿಲ್ಲ. ಆಮೇಲೆ ಜೀಪಿನ ಹಿಂದಿನ ಸೀಟನ್ನು ಯಾರಿಗೂ ಹೇಳದೆ ತಾನೇ ತೊಳೆದಿದ್ದ. ಆ ನೆನಪು ಈಗ ಯಾಕೆ ಬಂತೆಂದು ದೇವೀರಪ್ಪನಿಗೆ ಅದರ ಮೇಲೂ ಅನುಮಾನವಾಯಿತು. ಯಾರೋ ತನ್ನ ಕಿಸೆಗೆ ಕೈಹಾಕಿದಂತೆ ಮೈ ಬಿಗಿಮಾಡಿಕೊಂಡ.

ಮೋರಿ ದಾಟಿದ ಮೇಲೆ ಚೆಲುವಮ್ಮನ ಹೋಟ್ಲಿನಲ್ಲಿ ಟೀ ಕುಡಿದರು. ಅರವತ್ತು ದಾಟಿದ ಹೆಂಗಸು, ಸೌದೆ ಒಲೆಯ ಹೊಗೆಗೆ ಕಣ್ಣು ಕೆಂಪು. "ಓ, ಯಜಮಾನ್ರೇ ಬಂದ್ಬುಟ್ಟವ್ರೆ. ಕೂತ್ಕಳಿ ಕೂತ್ಕಳಿ. ನಿಮ್ಮ ಗಾಡಿಗೂ ನನ್ನ ಹೋಟ್ಲಿಗೂ ಏನೋ ಋಣ ಐತೆ ಕಣ್ರೀ, ಇಲ್ಲಿಗ್ ಬಂದೇ ಮಲಗ್ತದೆ."

"ಮಲಗಿದಾಗ ಇವ್ನೇನು ಮಾಡ್ತಾನೆ, ಇಲ್ಲೇ ಬಂದು ಕೂತಿರ್ತಾನಾ?" ದೇವೀರಪ್ಪ ನಗುತ್ತಲೇ ಕೇಳಿದ.

"ಎಲ್ ಬತ್ತಾನೆ ಮಾರಾಯ್ರೇ. ಬಾರೋ, ಒಂದ್ ಗುಕ್ಕು ಮುದ್ದೆ ಉಣ್ಣು ಅಂದ್ರೆ, ಮಾಲು ಬುಟ್ಟು ಬರಾಕಿಲ್ಲ ಕಣಕ್ಕಾ ಅಂತಾನೆ. ಟೀನೂ ನಾನೇ ಅಲ್ಲಿಗೆ ಒಯ್ದು ಕೊಡ್ಬೇಕು. ಮೂಟೆ ಮೇಲೆ ಕೋಳಿ ಕಾವು ಕೂತಂಗೆ ಕೂತಿರ್ತಾನೆ."

ದಯಾನಂದ ನಕ್ಕ. ಗುಂಡಯ್ಯ ಲೋಟವನ್ನು ತೊಳೆಯುವ ಬಾನಿಯ ಪಕ್ಕದಲ್ಲಿಟ್ಟು ಗಾಡಿಯ ಕಡೆ ಹೋದ. ಕೇಳದೆಯೇ ಇಷ್ಟೆಲ್ಲ ಹೇಳಿದಳಲ್ಲ, ಎಂದುಕೊಂಡ ದೇವೀರಪ್ಪ. ಕೇಳಿದ್ದು ತಾನೇ ಎಂಬುದು ಹತ್ತು ಹೆಜ್ಜೆ ನಡೆದ ಮೇಲೆ ನೆನಪಾಯಿತು.

ವನಗೂರಿನಲ್ಲಿ ಎರಡು ಮನೆಯ ಮಾಲು. ದೇವೀರಪ್ಪ ಕಿವಿಗೆ ಹಿಡಿದು ಕುಲುಕಿದ, ಹಲ್ಲಿನಲ್ಲಿ ಕಚ್ಚಿದ, ತೂಕದ ಕೊಕ್ಕೆಯನ್ನು ಎರಡು ಸಲ ನೋಡಿದ. ಇಪ್ಪತ್ತೆರಡು ಮೂಟೆ. ಗುಂಡಯ್ಯ ಒಂದೊಂದನ್ನೂ ಬೆನ್ನ ಮೇಲೆ ತಂದು ಸಾಲಾಗಿ ಜೋಡಿಸುತ್ತಿದ್ದಂತೆ ಗಾಡಿ ಹಿಂದಕ್ಕೆ ಕುಸಿಯುತ್ತ ಹೋಯಿತು. ಕೊನೆಯ ಮೂಟೆ ಬಿದ್ದಾಗ ತೊಟ್ಟಿಯ ಕೆಳಗಿನಿಂದ ಕಬ್ಬಿಣ ನರಳಿದ ಸದ್ದು ಬಂತು. ದಯಾನಂದ ಆ ಸದ್ದಿಗೆ ತಲೆಯೆತ್ತಿ, ಬಗ್ಗಿ ಒಮ್ಮೆ ನೋಡಿ, ಏನೂ ಹೇಳದೆ ಬಂದು ಕೂತ. ಬಲ್ಬು ಉರಿಯುತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಬೆಳಕು ಕಾಣುತ್ತಿರಲಿಲ್ಲವೆಂದು ದಯಾನಂದ ಅಂಗೈಯನ್ನು ಬಟ್ಟಲಿನಂತೆ ಮಾಡಿ ಅದಕ್ಕೆ ನೆರಳು ಹಿಡಿದಿದ್ದ.

ಇಳಿಜಾರು ಶುರುವಾದ ಮೇಲೆ ದೇವೀರಪ್ಪ ರಸ್ತೆ ನೋಡುವುದನ್ನು ಬಿಟ್ಟ. ಅವನ ಕಣ್ಣು ಆ ಅಂಗೈಯೊಳಗೆ ಸಿಕ್ಕಿಕೊಂಡಿತ್ತು. ತಿರುವು ಬಂದಾಗ ಹಿಂದೆ ಮೂಟೆಗಳು ಒಂದನ್ನೊಂದು ಒತ್ತುವ ಸದ್ದು, ಬ್ರೇಕಿನ ವಾಸನೆ, ಗುಂಡಯ್ಯ ಗೇರು ಇಳಿಸುವಾಗ ಮೂಗಿನಲ್ಲಿ ಬಿಡುವ ಉಸಿರು. ಮೋರಿ ಇನ್ನು ಎರಡು ತಿರುವಿನಾಚೆ ಎನ್ನುವಾಗ ದೇವೀರಪ್ಪನಿಗೆ ತನ್ನ ಒಳಗೆ ನಡೆಯುತ್ತಿದ್ದುದೇನೆಂದು ಗೊತ್ತಾಯಿತು. ಬಲ್ಬು ಆರಬಾರದು ಎಂದು ಅವನು ಬೇಡಿಕೊಳ್ಳುತ್ತಿದ್ದ. ಗಾಡಿ ನಿಲ್ಲಲಿ, ಬಲ್ಬು ಉರಿಯುತ್ತಲೇ ಇರಲಿ. ಅಥವಾ ಗಾಡಿಯೂ ನಿಲ್ಲದಿರಲಿ; ನಿಲ್ಲದೆ ಹೀಗೆಯೇ ಊರು ಸೇರಿ, ನಾಳೆ, ನಾಡಿದ್ದು, ಇನ್ನೊಂದು ಸೀಸನ್ನು, ತನ್ನ ಅನುಮಾನ ತನ್ನ ಹತ್ತಿರವೇ ಇರಲಿ. ಸ್ವಂತ ಗಾಡಿಯ ರೋಗ ಸಿಕ್ಕಬಾರದೆಂದು ಹರಕೆ ಹೊರುವ ಮನುಷ್ಯ ಇನ್ನೊಬ್ಬ ಇರಲಿಕ್ಕಿಲ್ಲ. ಪಕ್ಕದಲ್ಲಿ ಗುಂಡಯ್ಯ ಏನು ಬೇಡುತ್ತಿದ್ದಾನೆ? ಅವನು ಏನೂ ಬೇಡುತ್ತಿದ್ದಂತೆ ಕಾಣಲಿಲ್ಲ. ಎದುರು ಬಂದ ಎತ್ತಿನ ಗಾಡಿಗೆ ದಾರಿ ಬಿಟ್ಟು, ತಗ್ಗಿಗೆ ಇಳಿಸಿದ. ಮುಂದಿನ ಚಕ್ರ ಮೋರಿಯ ಅಂಚು ದಾಟಿತು. ಹಿಂದಿನ ಚಕ್ರ ಕುಳಿಗೆ ಬಿದ್ದು ಇಡೀ ತೊಟ್ಟಿ ಒಮ್ಮೆ ಕೆಳಕ್ಕೆ ಜಗ್ಗಿತು. ದಯಾನಂದನ ಅಂಗೈ ಕತ್ತಲಾಯಿತು.

ಎಂಜಿನ್ನು ನಿಂತ ಮೇಲೆ ಮೋರಿಯ ಕೆಳಗಿನ ನೀರಿನ ಸದ್ದು ಕೇಳಿಸತೊಡಗಿತು. ಗುಂಡಯ್ಯ ಎರಡೂ ಕೈಗಳನ್ನು ಸ್ಟಿಯರಿಂಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ, ಇಗೋ ನೋಡಿ ಎನ್ನುವ ಹಾಗೆ.

"ಹಿಂದ್ಗಡೆ," ಅಂದ ದಯಾನಂದ. "ಗುಂಡಣ್ಣ, ಗಾಡಿ ಅಲ್ಲಾಡ್ಸಬೇಡ. ಹಿಂಗೇ ಇರ್ಲಿ. ಜ್ವರ ಇರುವಾಗ್ಲೇ ನಾಡಿ ನೋಡ್ಬುಡಾಣ."

ಅವನು ಗಾಡಿಯ ಕೆಳಗೆ ಅಂಗಾತ ತೂರಿ, ಬಲ್ಬಿನ ವೈರನ್ನು ಎಳೆದುಕೊಂಡು, ಕ್ಯಾಬಿನ್ನಿನಿಂದ ಹಿಂದಕ್ಕೆ ಒಂದೊಂದು ಗೇಣಿಗೂ ಸೂಜಿ ಚುಚ್ಚಿ ನೋಡುತ್ತ ಬಂದ. ಇಲ್ಲಿ ಇಲ್ಲ. ಇಲ್ಲಿ ಇಲ್ಲ. ಅವನ ಸ್ವರ ಕಬ್ಬಿಣದ ಕೆಳಗಿನಿಂದ, ಬಾವಿಯೊಳಗಿನಿಂದ ಬಂದಂತೆ ಬರುತ್ತಿತ್ತು. "ಇಲ್ಲೂ ಇಲ್ಲ. ಇನ್ನು ಪೆಟ್ಟಿಗೆ ಒಳಗೇ ನೋಡ್ಬೇಕು. ಬೀಗ ತೆಗೀರಿ ದೇವೀರಪ್ಪೋರೇ."

ಉಡಿದಾರದ ಗಂಟು ಬಿಚ್ಚಲು ಬರಲಿಲ್ಲ. ರಸ್ತೆಯ ನಡುವೆ ಪಂಚೆಯ ಸೊಂಟವನ್ನು ಸಡಿಲಿಸಿಕೊಂಡು, ಗುಂಡಯ್ಯನಿಗೆ ಬೆನ್ನು ಮಾಡಿ ನಿಂತು, ಅವನು ಆ ಗಂಟಿನ ಜೊತೆ ಹೆಣಗಿದ. ಕೊನೆಗೆ ಹಲ್ಲಿಗೆ ಎಟುಕದ್ದಕ್ಕೆ ಗುಂಡಯ್ಯನೇ ಸೀಟಿನ ಕೆಳಗಿಂದ ಕತ್ತರಿ ತಂದು ಕೊಟ್ಟ. ಬೀಗ ತೆಗೆದ ಮೇಲೆ ದಯಾನಂದ ಮುಚ್ಚಳ ಎತ್ತಿ, ಇಣುಕಿ, "ಬನ್ನಿ ಇಲ್ಲಿ, ಬಗ್ಗಿ" ಅಂದ. ದೇವೀರಪ್ಪ ಮಣ್ಣಿನಲ್ಲಿ ಮೊಣಕಾಲೂರಿ ಬಗ್ಗಿದ. ಬ್ಯಾಟರಿಯಿಂದ ಸ್ವಿಚ್ಚಿಗೆ ಹೋಗುವ ವೈರು ಪೆಟ್ಟಿಗೆಯ ಅಂಚಿನ ಮೇಲೆ ಹಾದು ಹೊರಗೆ ಹೋಗಿತ್ತು. ಮೇಲಿನ ಕಪ್ಪು ರಬ್ಬರು ಒಂದು ಗೀರೂ ಇಲ್ಲದೆ ಮಿರುಗುತ್ತಿತ್ತು. ದಯಾನಂದ ಅದನ್ನು ಬೆರಳುಗಳ ನಡುವೆ ಹಿಡಿದು ಮಡಚಿದ. ಅದು ಸತ್ತ ಹಾವಿನ ಕತ್ತಿನಂತೆ ಆ ಒಂದು ಜಾಗದಲ್ಲಿ ಮೆತ್ತಗೆ ಬಾಗಿತು. ಬ್ಲೇಡಿನಿಂದ ರಬ್ಬರು ಸೀಳಿದ. ಒಳಗೆ ತಾಮ್ರದ ಎಳೆಗಳು ಒಂದೂ ಉಳಿಯದೆ ತುಂಡಾಗಿ, ಹಸಿರುಗಟ್ಟಿ, ಎರಡು ಕುಂಚದ ಹಾಗೆ ಎದುರುಬದುರಾಗಿ ನಿಂತಿದ್ದವು.

"ಖಾಲಿ ಇರುವಾಗ ಈ ಎರಡು ತುದೀನೂ ಮುಟ್ಕಂಡಿರ್ತವೆ, ಕರೆಂಟ್ ಹೋಯ್ತದೆ," ಅಂದ ದಯಾನಂದ. "ಲೋಡ್ ಬಿದ್ರೆ ತೊಟ್ಟಿ ಈ ಪೆಟ್ಟಿಗೆ ಮೇಲೆ ಕೂರ್ತದೆ, ಪೆಟ್ಟಿಗೆ ಜಗ್ಗತದೆ, ಅಂಚು ವೈರನ್ನ ಎಳೀತದೆ. ತಗ್ಗಿಗೆ ಇಳಿದಾಗ ಪೂರಾ ಬಿಟ್ಕತದೆ. ತಳ್ಳಿ ಮೇಲೆ ತಂದ್ರೆ ಮತ್ತೆ ಮುಟ್ಕತದೆ. ನಮ್ಮಂಗ್ಡೀಗೆ ಖಾಲಿ ತರ್ತಿದ್ರಲ್ಲ ನೀವು, ಹೆಂಗೆ ಸಿಕ್ತದೆ ಹೇಳಿ. ಈ ಪೆಟ್ಟಿಗೆ ಯಾರು ಮಾಡ್ಸಿದ್ದು?"

ಗುಂಡಯ್ಯ ರಸ್ತೆಯ ಆಚೆ ಬದಿಯ ಲಂಟಾನ ಪೊದೆಯನ್ನು ನೋಡುತ್ತಿದ್ದ.

"ಊರ ಕುಲುಮೇಲಿ," ಅಂದ ದೇವೀರಪ್ಪ.

"ಕುಲುಮೇಲಿ ಸರಿ. ಹೇಳಿದೋರ್ಯಾರು?"

ದೇವೀರಪ್ಪ ಮೊಣಕಾಲಿನ ಮಣ್ಣು ಕೊಡವಿಕೊಂಡ. ಒಳಗೆ ಮಾತ್ರ ಯಾವುದೋ ಇಲಿ ಇನ್ನೂ ಬಿಲ ಹುಡುಕುತ್ತಿತ್ತು. ವೈರನ್ನು ಗುಂಡಯ್ಯನೇ ಯಾಕೆ ಮುರಿದಿರಬಾರದು? ಒಂದು ದಿನ, ಯಾರೂ ಇಲ್ಲದಾಗ, ಪೆಟ್ಟಿಗೆ ತೆಗೆದು. ಪೆಟ್ಟಿಗೆಯ ಕೀಲಿ ಎಲ್ಲಿತ್ತು? ತನ್ನ ಸೊಂಟದಲ್ಲಿ. ರಾತ್ರಿಯೂ, ಸ್ನಾನದಲ್ಲೂ, ಪೂಜೆಗೆ ಕೂತಾಗಲೂ. ಬೀಗದ ಎರಡನೆಯ ಕೀಲಿಯನ್ನು ಕುಲುಮೆಯಲ್ಲಿ ತನ್ನ ಎದುರೇ ಸುತ್ತಿಗೆಯಿಂದ ಜಜ್ಜಿಸಿದ್ದ. ನಾಲ್ಕು ತಿಂಗಳು ಗುಂಡಯ್ಯನ ಪರವಾಗಿ ಸಾಕ್ಷಿ ಹೇಳಲು ಕಾದು ಕೂತಿದ್ದದ್ದು ತಾನೇ ಜಡಿದ ಬೀಗ. ಇಲಿ ಅಲ್ಲಿಗೆ ನಿಂತಿತು. ದೇವೀರಪ್ಪ ಗಾಡಿಯ ಬಿಸಿಯಾದ ಬದಿಗೆ ಕೈಯೂರಿದ. ದಯಾನಂದ ಹೊಸ ವೈರನ್ನು ಪೆಟ್ಟಿಗೆಯ ಹೊರಗಿನಿಂದ ಸುತ್ತು ಹಾಕಿ ಎಳೆದು, ರಬ್ಬರಿನ ತುಂಡು ಕೊಟ್ಟು ಕಟ್ಟಿದ. ಕಾಲು ಗಂಟೆಯ ಕೆಲಸ. ಗುಂಡಯ್ಯ ಕೀಲಿ ತಿರುಗಿಸಿದ. ತಗ್ಗಿನಲ್ಲಿ, ಪೂರ್ತಿ ಭಾರದಲ್ಲಿ, ಗಾಡಿ ಎದ್ದಿತು. ಆಲೂರಿನ ದಾರಿ ಕೂಡುವಲ್ಲಿ ದಯಾನಂದ ಇಳಿದುಕೊಂಡ. ಅವನು ಕೇಳಿದಷ್ಟನ್ನೂ ದೇವೀರಪ್ಪ ಕೊಟ್ಟ, ಚೌಕಾಸಿ ಮಾಡಲಿಲ್ಲ. ದಯಾನಂದನಿಗೆ ಅದೇ ಆಶ್ಚರ್ಯವಾದಂತೆ ಕಂಡಿತು.

ಉಳಿದ ದಾರಿ ಇಬ್ಬರೇ. ಈಗ ಹೇಳಬೇಕು, ಆ ಮರ ದಾಟಲಿ, ಆ ಸ್ಕೂಲು ದಾಟಲಿ. ಬಾಯಿ ತೆರೆದಾಗ "ಎಣ್ಣೆ ಐತಾ?" ಎಂದು ಬಂತು. "ಐತೆ," ಅಂದ ಗುಂಡಯ್ಯ. ಆ ಪ್ರಶ್ನೆಯೂ ಎಷ್ಟು ಡೀಸೆಲ್ ಖರ್ಚಾಯಿತೆಂದು ವಿಚಾರಿಸಿದಂತಿತ್ತು.

ಮೂಟೆ ಇಳಿಸಿ, ಟಾರ್ಪಾಲು ಮುಚ್ಚಿ, ಹೋಗುವ ಮುಂಚೆ ಗುಂಡಯ್ಯ ಕಣದ ಹತ್ತಿರ ನಿಂತ. ಟವಲು ಹೆಗಲ ಮೇಲಿತ್ತು.

"ಯಜಮಾನ್ರೇ, ಒಂದು ಮಾತು. ನಂಗೇನೂ ಬ್ಯಾಡ. ನಮ್ಮನೇಲಿ ಈರಮ್ಮಂಗೆ ಒಂದು ಮಾತು ಹೇಳ್ಬುಡಿ. ಆಣೆ ಬಿದ್ದ ದಿನದಿಂದ ಅವ್ಳು ದೇವ್ರ ಮುಂದೆ ದೀಪ ಹಚ್ತಿಲ್ಲ. ಇಡಿಸ್ದೋರು ಬಂದು ಬಿಡಿಸೋ ತನ್ಕ ಹಚ್ಚಬಾರ್ದು ಅಂತ ಅವ್ಳ ತೌರಮನೆ ಕಡೆ ಪದ್ಧತಿ. ನಾನು ಹೇಳಿದ್ರೆ ಕೇಳಲ್ಲ."

"ಅದಕ್ಕೇನಂತೆ. ಬರ್ತೀನಿ ಹೋಗು," ಅಂದ ದೇವೀರಪ್ಪ, ಕೊಂಚ ಧಾರಾಳವಾಗಿಯೇ.

ಗುಂಡಯ್ಯನ ಮನೆ ಊರ ಕೊನೆಯಲ್ಲಿ, ಕೆರೆಯ ಏರಿಯ ಪಕ್ಕ. ಹೊತ್ತು ಮುಳುಗುವುದಕ್ಕೆ ಇನ್ನೂ ಸ್ವಲ್ಪ ಇತ್ತು. ಕೈ ಬೀಸಿಕೊಂಡು ಹೋಗಬಾರದೆಂದು ಪಾರ್ವತಮ್ಮ ಒಂದು ಚೀಲಕ್ಕೆ ಎರಡು ಸೇರು ಅಕ್ಕಿ ಹಾಕಿ ಕೊಡಲು ಬಂದಳು. ಅಕ್ಕಿ ಕೊಟ್ಟರೆ ದಂಡ ಕಟ್ಟಿದಂತೆ ಕಾಣುತ್ತದೆಂದು ಅವನು ತೆಗೆದುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿದ. ನಂದು ತಪ್ಪಾಯ್ತು ಕಣಮ್ಮ. ಮೂರೇ ಪದ. ಬಾಯೊಳಗೆ ಉರುಳಿಸಿ ನೋಡಿದ, ಸರಿಯಾಗಿ ಬಂತು. ಈರಮ್ಮ ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಇವನನ್ನು ಕಂಡು ಸೆರಗು ಹೊದ್ದು ಎದ್ದು ನಿಂತಳು. ಅವಳ ಮುಖ ನೋಡಿದ ಕೂಡಲೇ ಅವನ ಬಾಯಿ ತಾನಾಗಿ, ಹನ್ನೊಂದು ವರ್ಷದ ರೂಢಿಯಲ್ಲಿ, ಕೇಳಿತು:

"ಗುಂಡಯ್ಯ ಎಲ್ಲಿ?"

"ಇಲ್ಲೇ ಅವ್ರೆ," ಅಂದಳು ಅವಳು ಗಾಬರಿಯಿಂದ. "ಹಿತ್ಲಲ್ಲಿ ಕೈಕಾಲು ತೊಳೀತಾ ಅವ್ರೆ. ಬಂದೋರು ಎಲ್ಲೂ ಹೋಗಿಲ್ಲ. ನೇರ ಮನೇಗೇ ಬಂದ್ರು."

ಪೊಲೀಸಿನವನಿಗೆ ಉತ್ತರ ಕೊಟ್ಟ ಹಾಗೆ. ಅವನು ಹಾಗೆ ಕೇಳಿರಲಿಲ್ಲ. ಬೇರೆ ಹೇಗೆ ಕೇಳುವುದು ಗೊತ್ತಿರಲಿಲ್ಲ. ಅವಳು ಚಾಪೆ ಹಾಸಿ, ತಾಮ್ರದ ಚೊಂಬಿನಲ್ಲಿ ನೀರು, ಒಂದು ಚೂರು ಬೆಲ್ಲ ತಂದಿಟ್ಟಳು. ಒಳಗಿನ ಗೂಡಿನಲ್ಲಿ ದೇವರ ಪಟ ಕಾಣುತ್ತಿತ್ತು, ಮುಂದೆ ತೊಳೆದು ಬೋರಲು ಹಾಕಿದ ಹಣತೆ. ಗುಂಡಯ್ಯ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಮರೆಯಲ್ಲಿ ನಿಂತ. ದೇವೀರಪ್ಪ ನೀರು ಕುಡಿದ. ಚೊಂಬು ಪೂರ್ತಿ ಖಾಲಿಯಾಗುವವರೆಗೂ ಕುಡಿದ.

"ವೈರು ಹೋಗಿತ್ತು," ಅಂದ.

"ಯಾವ ವೈರು?"

ಅವನು ಹೇಳಿದ. ಬ್ಯಾಟರಿಯಿಂದ ಸ್ವಿಚ್ಚಿಗೆ ಹೋಗುವ ವೈರು, ಅದರ ಮೇಲಿನ ರಬ್ಬರು ಎಷ್ಟು ಚೆನ್ನಾಗಿತ್ತೆಂದು, ಒಳಗಿನ ತಾಮ್ರ ಹೇಗೆ ಹಸಿರುಗಟ್ಟಿತ್ತೆಂದು, ಭಾರ ಬಿದ್ದರೆ ಏನಾಗುತ್ತಿತ್ತು, ಖಾಲಿ ಇದ್ದರೆ ಏನಾಗುತ್ತಿತ್ತು. ಬೆಲ್ಲದ ಚೂರನ್ನು ಮೂಟೆ ಮಾಡಿ, ಚೊಂಬನ್ನು ಪೆಟ್ಟಿಗೆ ಮಾಡಿ, ಚಾಪೆಯ ಮೇಲೆ ತೋರಿಸಿದ. ಇಷ್ಟು ಮಾತನ್ನು ಅವನು ಈ ಮನೆಯಲ್ಲಿ ಯಾವತ್ತೂ ಆಡಿರಲಿಲ್ಲ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತ, ಮೊರವನ್ನು ತೊಡೆಯ ಮೇಲೆ ಹಿಡಿದು ಕೇಳಿದಳು. ಮಾತು ಮುಗಿಯಿತು. ಅವಳು ಇನ್ನೂ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಹಂಗಾರೆ ಗಾಡಿ ಸರಿಹೋಯ್ತು ಅನ್ನಿ," ಅಂದಳು ಕೊನೆಗೆ.

"ಸರಿಹೋಯ್ತು."

ಆ ಮೂರು ಪದ ಗಂಟಲಿನವರೆಗೆ ಬಂದಿದ್ದವು. ಬಾಗಿಲ ಮರೆಯಲ್ಲಿ ಗುಂಡಯ್ಯನ ಕಾಲು ಕಾಣುತ್ತಿತ್ತು, ಬರಿಗಾಲು. ಇವನು ತನ್ನಿಂದ ಅದನ್ನು ಹೇಳಿಸಿಯೇ ತೀರಬೇಕೆಂದು ಅಲ್ಲಿ ನಿಂತು ಕಾಯುತ್ತಿದ್ದಾನೆ, ನಾಳೆ ಕಟ್ಟೆಯ ಮೇಲೆ ಹೇಳಿಕೊಂಡು ನಗುವುದಕ್ಕೆ, ಎಂದು ಎಲ್ಲಿಂದಲೋ ಒಂದು ಯೋಚನೆ ತೂರಿ ಬಂತು. ಅದು ಸುಳ್ಳೆಂದು ಅದು ಬಂದ ಗಳಿಗೆಯಲ್ಲೇ ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಅದನ್ನು ಊರುಗೋಲಿನಂತೆ ಹಿಡಿದುಕೊಂಡು ಎದ್ದ. "ನಾಳೆ ಬೆಳಿಗ್ಗೆ ಬೇಗ ಬಾ, ಹಾಸನಕ್ಕೆ ಹೋಗ್ಬೇಕು," ಎಂದು ಬಾಗಿಲಿಗೆ ಹೇಳಿ ಜಗಲಿ ಇಳಿದ.

ಬೇಲಿಯ ತಿರುವು ದಾಟಿದ ಮೇಲೆ ಅವನ ಕಾಲು ನಿಂತಿತು. ತನ್ನ ವಿಷಯ ಏನು ಮಾತಾಡಿಕೊಳ್ಳುತ್ತಾರೋ ಕೇಳಬೇಕಿತ್ತು. ಉಸಿರು ಬಿಗಿಹಿಡಿದು, ಕಾಫಿ ಕೊಳ್ಳುವಾಗಿನಂತೆಯೇ ತಲೆ ಓರೆ ಮಾಡಿ, ಬೇಲಿಗೆ ಕಿವಿ ಕೊಟ್ಟು ನಿಂತ. ಒಂದಾದರೂ ಬೈಗುಳ ಬರಲಿ, ಅದು ಬಂದರೆ ಎಲ್ಲ ಚುಕ್ತಾ ಆದಂತೆ ಎಂದು ಕಾದ. ಒಳಗೆ ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಈರಮ್ಮ ಮತ್ತೆ ಹುರುಳಿ ಕೇರತೊಡಗಿದಳು. ಕತ್ತಲು ಕವಿಯಿತು, ದೇವರ ಗೂಡಿನಿಂದ ಜಗಲಿಗೆ ದೀಪದ ಬೆಳಕು ಬೀಳಲಿಲ್ಲ.